ಕ್ಯಾಶ್ ಫೈಲ್ ಹಾಕಿದರೂ ಜಿಪಿಎಸ್‌ನಲ್ಲಿ ಕಾಣುತ್ತಿಲ್ಲ (ಇಟ್ರೆಕ್ಸ್ 30ಎಕ್ಸ್, ಮ್ಯಾಕ್)

ಕಾಡುದಾರಿ:
ಎಲ್ಲರಿಗೂ ನಮಸ್ಕಾರ. ವಿಂಡೋಸ್ ಬಿಟ್ಟು ಮ್ಯಾಕ್‌ಗೆ ಬಂದಮೇಲೆ ಶುರುವಾದ ತಲೆನೋವು ಇದು. ಜಿಯೋಕ್ಯಾಶಿಂಗ್ ಸೈಟ್‌ನಿಂದ ಪಾಕೆಟ್ ಕ್ವೆರಿ (ಕ್ಯಾಶ್‌ಗಳ, ಅಂದರೆ ಜಿಪಿಎಸ್ ಹಿಡಿದು ಹುಡುಕುವ ಬಚ್ಚಿಟ್ಟ ಡಬ್ಬಿಗಳ, ಪಟ್ಟಿಯ ಫೈಲ್) ಡೌನ್‌ಲೋಡ್ ಮಾಡಿ ಗಾರ್ಮಿನ್ ಯೂನಿಟ್‌ಗೆ ಎಳೆದು ಹಾಕುತ್ತೇನೆ, ಕೇಬಲ್ ತೆಗೆಯುತ್ತೇನೆ, ಆನ್ ಮಾಡಿದರೆ ಲೋಡಿಂಗ್ ಎಂದು ತುಂಬಾ ಹೊತ್ತು ನಿಂತೇ ಇರುತ್ತದೆ. ಆಮೇಲೆ ಜಿಯೋಕ್ಯಾಶ್ ಪಟ್ಟಿಗೆ ಹೋದರೆ ಹೊಸದು ಒಂದೂ ಇಲ್ಲ. ಇನ್ನೂ ವಿಚಿತ್ರ ಅಂದರೆ ಕೆಲವು ಕ್ಯಾಶ್‌ಗಳು ವೇಪಾಯಿಂಟ್ (ಗುರುತಿಸಿಟ್ಟ ಜಾಗ) ಪಟ್ಟಿಯಲ್ಲಿ ಬಾವುಟದ ಗುರುತು ಹಾಕಿಕೊಂಡು ಕೂತಿವೆ, ವಿವರಣೆ ಇಲ್ಲ, ಸುಳಿವು ಇಲ್ಲ, ಬರೀ ಕೋಡ್. ಯೂನಿಟ್ ಕೆಟ್ಟಿದೆಯಾ?

ಮೂರುಸೆಲ್:
ಕೇಬಲ್ ಬದಲಾಯಿಸಿ ನೋಡಿ. ಹತ್ತರಲ್ಲಿ ಒಂಬತ್ತು ಸಲ ಕೇಬಲ್ಲೇ.

ಹಳೇತಂತಿ:
ಮೂರುಸೆಲ್ ಅವರೇ, ಕೇಬಲ್ ಸಮಸ್ಯೆ ಆಗಿದ್ದರೆ ವೇಪಾಯಿಂಟ್ ಆದರೂ ಹೇಗೆ ಬರುತ್ತಿತ್ತು? ಚಾರ್ಜ್‌ಗೆ ಮಾತ್ರ ಇರುವ ಕೇಬಲ್‌ನಲ್ಲಿ ಡೇಟಾ ತಂತಿಗಳೇ ಇರಲ್ಲ. ಅದನ್ನು ಹಾಕಿದರೆ ಯೂನಿಟ್‌ಗೆ ಕರೆಂಟ್ ಸಿಗುತ್ತದೆ, ಕಂಪ್ಯೂಟರ್‌ನಲ್ಲಿ ಡ್ರೈವ್ ಮಾತ್ರ ಕಾಣಲ್ಲ. ಇವರಿಗೆ ಡ್ರೈವ್ ಕಾಣುತ್ತಿದೆ, ಫೈಲೂ ಹೋಗುತ್ತಿದೆ.

ಕಾಡುದಾರಿ, ಯೂನಿಟ್ ಕೆಟ್ಟಿರುವ ಹಾಗೆ ಕಾಣುತ್ತಿಲ್ಲ. ನಾವೆಲ್ಲ ಸುಮ್ನೆ ಟ್ರಾನ್ಸ್‌ಫರ್ ಆಗಿಲ್ಲ ಅಂತೀವಿ. ಆದರೆ ಅದರೊಳಗೆ ಮೂರು ಬೇರೆ ಬೇರೆ ಪ್ರಶ್ನೆ ಇವೆ. ಫೈಲ್ ಸರಿಯಾದ ಜಾಗಕ್ಕೆ ಹೋಗಿದೆಯಾ? ಹೋದ ಫೈಲನ್ನು ಯೂನಿಟ್ ಓದಲು ಆಗಿದೆಯಾ? ಓದಿದ್ದನ್ನು ಕ್ಯಾಶ್ ಅಂತ ತೋರಿಸುತ್ತಿದೆಯಾ, ಅಥವಾ ಬೇರೆ ಎಲ್ಲೋ ಸೇರಿಸಿದೆಯಾ? ಎಲ್ಲಿ ಎಡವಿತು ಅಂತ ಈ ಯೂನಿಟ್‌ಗಳು ಬಾಯಿ ಬಿಟ್ಟು ಹೇಳಲ್ಲ, ನಾವೇ ಹುಡುಕಬೇಕು. ಅದಕ್ಕೆ ಇಷ್ಟು ಹೇಳಿ: ಜಿಪ್ ಫೈಲ್ ಹಾಗೇ ಹಾಕಿದಿರಾ, ಬಿಚ್ಚಿ ಹಾಕಿದಿರಾ? ಯಾವ ಫೋಲ್ಡರ್? ಹಾಕುವ ಮೊದಲು ಬೇರೆ ಯಾವುದಾದರೂ ಸಾಫ್ಟ್‌ವೇರ್‌ನಲ್ಲಿ ಆ ಫೈಲ್ ತೆರೆದಿದ್ದಿರಾ?

ಕಾಡುದಾರಿ:
ಬಿಚ್ಚಿಯೇ ಹಾಕಿದ್ದು. ಗಾರ್ಮಿನ್ ಫೋಲ್ಡರ್ ಒಳಗೆ ಜಿಪಿಎಕ್ಸ್ ಅಂತ ಇದೆಯಲ್ಲ, ಅದರಲ್ಲಿ. ಕ್ವೆರಿಯ ಎರಡು ಫೈಲ್, ಒಂದು ದೊಡ್ಡದು, ಇನ್ನೊಂದರ ಹೆಸರಿನ ಕೊನೆಯಲ್ಲಿ ಡಬ್ಲ್ಯುಪಿಟಿಎಸ್ ಅಂತ ಇರುವ ಚಿಕ್ಕದು. ಇವೆರಡನ್ನೂ ಎಲ್ಲೂ ತೆರೆದಿಲ್ಲ. ಆದರೆ ಬೇರೆ ಒಂದು ಫೈಲ್ ಮೊದಲೇ ಇತ್ತು, ಅದರಲ್ಲಿ ಕೆಲವು ಕ್ಯಾಶ್‌ಗಳನ್ನು ಗಾರ್ಮಿನ್‌ನ ಬೇಸ್‌ಕ್ಯಾಂಪ್ ಸಾಫ್ಟ್‌ವೇರ್‌ನಲ್ಲಿ ಆರಿಸಿ ಕಳಿಸಿದ್ದೆ.

ಡಬ್ಬಿಬೇಟೆ:
ಬಾವುಟದ ಗುಟ್ಟು ಅಲ್ಲೇ ಸಿಕ್ಕಿತು ಅನ್ನಿಸುತ್ತೆ. ಜಿಪಿಎಕ್ಸ್ ಅನ್ನೋದು ಮೂಲದಲ್ಲಿ ವೇಪಾಯಿಂಟ್, ಟ್ರ್ಯಾಕ್, ರೂಟ್ ಇಡಲು ಮಾಡಿದ ಎಕ್ಸ್‌ಎಂಎಲ್ ಫೈಲ್. ಕ್ಯಾಶ್‌ನ ವಿವರಣೆ, ಡಿಫಿಕಲ್ಟಿ (ಹುಡುಕುವ ಕಷ್ಟ), ಟೆರೇನ್ (ದಾರಿಯ ಕಷ್ಟ), ಸುಳಿವು, ಹಿಂದಿನ ಲಾಗ್‌ಗಳು (ಹುಡುಕಿದವರ ಟಿಪ್ಪಣಿ) ಎಲ್ಲವನ್ನೂ ಸೈಟ್ ನಡೆಸುವ ಗ್ರೌಂಡ್‌ಸ್ಪೀಕ್‌ನವರು ಅದರೊಳಗೆ ತಮ್ಮದೇ ಹೆಚ್ಚುವರಿ ಭಾಗವಾಗಿ ಸೇರಿಸಿದ್ದಾರೆ. ಆ ಭಾಗ ಇದ್ದರೆ ಯೂನಿಟ್ ಅದನ್ನು ಕ್ಯಾಶ್ ಅಂತ ಗುರುತಿಸುತ್ತದೆ. ನಡುವೆ ಯಾವುದೋ ಸಾಫ್ಟ್‌ವೇರ್ ಫೈಲನ್ನು ಓದಿ ಮತ್ತೆ ಬರೆಯುವಾಗ ಅದನ್ನು ಉದುರಿಸಿಬಿಟ್ಟರೆ ಉಳಿಯೋದು ಒಂದು ಹೆಸರು, ಒಂದು ಅಕ್ಷಾಂಶ, ಒಂದು ರೇಖಾಂಶ. ಅದು ವೇಪಾಯಿಂಟ್ ಆಗದೆ ಇನ್ನೇನಾಗುತ್ತೆ?

ನೋಡೋದು ಸುಲಭ. ಫೈಲನ್ನು ಸಾದಾ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ಗ್ರೌಂಡ್‌ಸ್ಪೀಕ್ ಅಂತ ಇಂಗ್ಲಿಷ್‌ನಲ್ಲಿ ಹುಡುಕಿ. ಪ್ರತಿ ಕ್ಯಾಶ್‌ಗೂ ಆ ಪದ ಹಲವು ಸಲ ಬರಬೇಕು. ಒಂದೂ ಇಲ್ಲ ಅಂದರೆ ಆ ಫೈಲ್ ಅಳಿಸಿ, ಮೂಲದಿಂದ ಮತ್ತೆ ಇಳಿಸಿಕೊಳ್ಳಿ. ಎಲ್‌ಒಸಿ ಫೈಲ್‌ನ ಕಥೆಯೂ ಇದೇ. ಎಲ್‌ಒಸಿ ಅಂತ ಕೊನೆಯಾಗುವ ಫೈಲ್‌ನಲ್ಲಿ ಜಾಗದ ಅಂಕಿ ಮತ್ತು ಹೆಸರು ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇರಲ್ಲ. ಅದನ್ನು ಜಿಪಿಎಕ್ಸ್ ಫೋಲ್ಡರ್‌ಗೆ ಹಾಕಿ ಕಾಯುವವರು ಈಗಲೂ ಇದ್ದಾರೆ.

ಸುಮ್ನೆನೋಡ್ತಿದ್ದೆ:
ಈ ಕಾಲದಲ್ಲೂ ಇಷ್ಟೆಲ್ಲ ಯಾಕೆ ಮಾರಾಯ್ರೇ? ಫೋನ್ ತೆಗೀರಿ, ಆ್ಯಪ್ ಹಾಕಿ, ಹೋಗಿ.

ಹಳೇತಂತಿ:
ಹೋಗುತ್ತೇವೆ. ಸಿಗ್ನಲ್ ಇಲ್ಲದ ಕಡೆ, ಮಳೆಯಲ್ಲಿ, ಕೈಗವಸು ಹಾಕಿಕೊಂಡು ಹೋಗುವಾಗ ಎರಡು ಡಬಲ್ ಎ ಸೆಲ್‌ನಲ್ಲಿ ನಡೆಯುವ ಯೂನಿಟ್ ಬೇಕು ಅನ್ನಿಸುತ್ತದೆ. ಪ್ರಶ್ನೆ ಕೇಳಿದವರಿಗೆ ಯೂನಿಟ್ ಬಗ್ಗೆ ಉತ್ತರ ಬೇಕು, ಫೋನ್ ಬಗ್ಗೆ ಅಲ್ಲ.

ಉತ್ತರಮುಖಿ:
ಕಾಡುದಾರಿ, ಬಾವುಟದ್ದು ಬಿಡಿ. ಹೊಸ ಕ್ವೆರಿ ಒಂದೂ ಬಂದಿಲ್ಲ, ಲೋಡಿಂಗ್ ತುಂಬಾ ಹೊತ್ತು ನಿಲ್ಲುತ್ತದೆ ಅಂದಿರಲ್ಲ, ಅದಕ್ಕೆ ನನಗೆ ಮ್ಯಾಕ್ ಮೇಲೇ ಅನುಮಾನ. ಯೂನಿಟ್‌ನ ಮೆಮೊರಿ ಫ್ಯಾಟ್ ಫಾರ್ಮ್ಯಾಟ್‌ನಲ್ಲಿ ಇರುತ್ತದೆ. ಮ್ಯಾಕ್ ತನ್ನ ಫೈಲ್‌ಗಳ ಬಗ್ಗೆ ಇಟ್ಟುಕೊಳ್ಳುವ ಹೆಚ್ಚುವರಿ ಮಾಹಿತಿಗೆ ಫ್ಯಾಟ್‌ನಲ್ಲಿ ಜಾಗ ಇಲ್ಲ. ಆಗ ಅದು ಏನು ಮಾಡುತ್ತೆ ಅಂದರೆ, ನೀವು ಹಾಕಿದ ಫೈಲ್ ಪಕ್ಕದಲ್ಲೇ ಅದೇ ಹೆಸರಿನ ಇನ್ನೊಂದು ಪುಟ್ಟ ಫೈಲ್ ಇಡುತ್ತದೆ, ಹೆಸರಿನ ಮುಂದೆ ಒಂದು ಚುಕ್ಕಿ, ಒಂದು ಅಡಿಗೆರೆ. ಕೊನೆಯಲ್ಲಿ ಜಿಪಿಎಕ್ಸ್ ಅಂತಲೇ ಇರುತ್ತದೆ. ಯೂನಿಟ್ ಹೆಸರಿನ ಬಾಲ ನೋಡಿ ಇದೂ ಜಿಪಿಎಕ್ಸ್ ಅಂದುಕೊಂಡು ತೆರೆಯಲು ಹೋಗುತ್ತದೆ. ಒಳಗೆ ಎಕ್ಸ್‌ಎಂಎಲ್ ಇಲ್ಲವೇ ಇಲ್ಲ. ಅಲ್ಲಿ ಒದ್ದಾಡುತ್ತದೆ.

ಫೈಂಡರ್‌ನಲ್ಲಿ ಇವು ಕಣ್ಣಿಗೆ ಬೀಳಲ್ಲ. ಹತ್ತಿರದಲ್ಲಿ ವಿಂಡೋಸ್ ಕಂಪ್ಯೂಟರ್ ಇದ್ದರೆ ಯೂನಿಟ್ ಅದಕ್ಕೆ ಹಾಕಿ, ಅಡಗಿಸಿದ ಫೈಲ್ ತೋರಿಸು ಅಂತ ಆಯ್ಕೆ ಮಾಡಿ ನೋಡಿ. ಕೆಲವೇ ಕಿಲೋಬೈಟ್ ಗಾತ್ರದ ಜೋಡಿ ಫೈಲ್‌ಗಳು ಕಂಡರೆ ಅವೇ. ಮ್ಯಾಕ್‌ನಲ್ಲೇ ಮುಗಿಸಬೇಕು ಅಂದರೆ ಟರ್ಮಿನಲ್‌ನಲ್ಲಿ ಡಾಟ್ ಕ್ಲೀನ್ ಅಂತ ಕಮಾಂಡ್ ಇದೆ, ಎರಡು ಪದದ ನಡುವೆ ಅಡಿಗೆರೆ. ಎಂ ಆಯ್ಕೆ ಕೊಟ್ಟು ಯೂನಿಟ್‌ನ ಫೋಲ್ಡರ್ ತೋರಿಸಿದರೆ ಈ ಕಸ ಹೋಗುತ್ತದೆ.

ಮತ್ತೆ ಇನ್ನೊಂದು. ಮ್ಯಾಕ್‌ನಲ್ಲಿ ಯೂನಿಟ್‌ನ ಫೈಲ್ ಅಳಿಸಿದರೆ ಅದು ಯೂನಿಟ್ ಮೇಲೇ ಇರುವ ಅಡಗಿದ ಕಸದ ಬುಟ್ಟಿಗೆ ಹೋಗುತ್ತದೆ, ಜಾಗ ಖಾಲಿ ಆಗಲ್ಲ. ಕೇಬಲ್ ತೆಗೆಯುವ ಮೊದಲು ಟ್ರ್ಯಾಶ್ ಖಾಲಿ ಮಾಡಿ, ಆಮೇಲೆ ಇಜೆಕ್ಟ್ ಕೊಡಿ.

ಮೂರುಸೆಲ್:
ಇಜೆಕ್ಟ್ ಕೊಡದೆ ಕೇಬಲ್ ಎಳೆಯೋದು ಎಷ್ಟು ಜನ ಮಾಡ್ತಾರೆ ಗೊತ್ತಾ. ಕಾಪಿ ಆಗಿದೆ ಅಂತ ಪರದೆ ಮೇಲೆ ತೋರಿಸಿದರೂ ಕೊನೆಯ ಭಾಗ ಇನ್ನೂ ಬರೆದಿರಲ್ಲ. ಅರ್ಧ ಜಿಪಿಎಕ್ಸ್ ಅಂದರೆ ಮುಚ್ಚದ ಟ್ಯಾಗ್, ಅಂದರೆ ಕೆಟ್ಟ ಫೈಲ್.

ಕಾಡುದಾರಿ:
ಉತ್ತರಮುಖಿ ಅವರೇ, ಸರಿಯಾಗಿ ಹಿಡಿದಿರಿ. ವಿಂಡೋಸ್‌ಗೆ ಹಾಕಿ ನೋಡಿದರೆ ಪ್ರತಿ ಫೈಲ್‌ಗೂ ಒಂದು ಪುಟ್ಟ ಜೋಡಿ ಇತ್ತು. ಎಲ್ಲ ಅಳಿಸಿದೆ, ಬೇಸ್‌ಕ್ಯಾಂಪ್‌ನಿಂದ ಬಂದದ್ದನ್ನೂ ತೆಗೆದೆ. ಈಗ ಬೇಗ ಆನ್ ಆಗುತ್ತದೆ, ಕ್ಯಾಶ್‌ಗಳು ಪೆಟ್ಟಿಗೆ ಗುರುತಿನ ಜೊತೆ ಬಂದಿವೆ, ಸುಳಿವೂ ಓದಬಹುದು. ಆದರೆ ಕ್ವೆರಿಯಲ್ಲಿ 1000 ಇದ್ದವು, ಪಟ್ಟಿಯಲ್ಲಿ ಅಷ್ಟು ಇಲ್ಲ. ವೇಪಾಯಿಂಟ್ ಪಟ್ಟಿಯಲ್ಲಿ ಈಗಲೂ ಒಂದಷ್ಟು ಇವೆ, ಪಾರ್ಕಿಂಗ್ ಅಂತ ಏನೋ.

ಡಬ್ಬಿಬೇಟೆ:
ಪಾರ್ಕಿಂಗ್ ಇರುವುದು ಸರಿಯೇ. ಕ್ವೆರಿಯ ಆ ಚಿಕ್ಕ ಎರಡನೇ ಫೈಲ್ ಇದೆಯಲ್ಲ, ಅದರಲ್ಲಿ ಪಾರ್ಕಿಂಗ್, ಹಾದಿ ಶುರುವಾಗುವ ಜಾಗ, ಮಲ್ಟಿ ಕ್ಯಾಶ್‌ನ (ಹಲವು ಜಾಗ ದಾಟಿ ತಲುಪುವ ಕ್ಯಾಶ್) ಹಂತಗಳು ಇರುತ್ತವೆ. ಅವು ಮಾಮೂಲಿ ವೇಪಾಯಿಂಟ್ ಆಗಿಯೇ ಬರಬೇಕು. ಬೇಡ ಅಂದರೆ ಆ ಫೈಲ್ ಹಾಕಬೇಡಿ, ಆದರೆ ಮಲ್ಟಿ ಮಾಡುವವರು ಅದನ್ನು ಹಾಕದಿದ್ದರೆ ಆಮೇಲೆ ಪರದಾಡಬೇಕು.

ಸಂಖ್ಯೆ ಕಡಿಮೆ ಇರೋದಕ್ಕೆ ಮೊದಲು ನೋಡಬೇಕಾದ್ದು: ಕ್ವೆರಿ ಮಾಡುವಾಗ ನೀವು ಈಗಾಗಲೇ ಕಂಡುಹಿಡಿದವನ್ನು ಬಿಟ್ಟುಬಿಡು ಅಂತ ಟಿಕ್ ಹಾಕಿದ್ದಿರಾ? ಹಾಕಿಲ್ಲದಿದ್ದರೆ ಅವೂ 1000ದ ಲೆಕ್ಕಕ್ಕೆ ಸೇರಿರುತ್ತವೆ. ಯೂನಿಟ್ ಅವನ್ನು ಸಿಕ್ಕಿದವು ಅನ್ನುವ ಬೇರೆ ಪಟ್ಟಿಯಲ್ಲಿ ಇಡುತ್ತದೆ.

ಹಳೇತಂತಿ:
ಜೊತೆಗೆ ಯೂನಿಟ್‌ನ ಫಿಲ್ಟರ್ ನೋಡಿ. ಯಾವತ್ತೋ ಟ್ರೆಡಿಷನಲ್ (ಕೊಟ್ಟ ಜಾಗದಲ್ಲೇ ಇರುವ ಕ್ಯಾಶ್) ಮಾತ್ರ ತೋರಿಸು, ಟೆರೇನ್ ಇಷ್ಟರೊಳಗೆ ಇರಲಿ ಅಂತ ಹಾಕಿ ಮರೆತಿರುತ್ತೇವೆ. ಬ್ಯಾಟರಿ ತೆಗೆದು ಹಾಕಿದರೂ ಆ ಸೆಟ್ಟಿಂಗ್ ಅಳಿಯಲ್ಲ. ಮೇಲೆ ಹೇಳಿದ ಮೂರನೇ ಪ್ರಶ್ನೆ ಇದೇ: ಓದಿದೆ, ತೋರಿಸುತ್ತಿಲ್ಲ.

ಕಾಡುದಾರಿ:
ಎರಡೂ ಇದೆ! ಸಿಕ್ಕಿದವು ಕ್ವೆರಿಯಲ್ಲಿ ಸೇರಿವೆ, ಫಿಲ್ಟರ್‌ನಲ್ಲಿ ಮಿಸ್ಟರಿ (ಒಗಟು ಬಿಡಿಸಿ ಹುಡುಕುವ ಕ್ಯಾಶ್) ತೆಗೆದಿತ್ತು. ಈಗ ಲೆಕ್ಕ ಸರಿಹೋಯಿತು. ಇನ್ನೊಂದು ಕೇಳಲೇ? ಪ್ರವಾಸಕ್ಕೆ ಹೋಗುವಾಗ 1000 ಸಾಕಾಗಲ್ಲ. ಒಂದೇ ಜಾಗಕ್ಕೆ ನಾಲ್ಕು ಕ್ವೆರಿ ಮಾಡಿದರೆ ಅದೇ ಕ್ಯಾಶ್‌ಗಳು ಮತ್ತೆ ಮತ್ತೆ ಬರುತ್ತವೆ.

ಡಬ್ಬಿಬೇಟೆ:
ವೃತ್ತ ಎಳೆದು ಪಕ್ಕ ಪಕ್ಕ ಜೋಡಿಸಲು ಹೋಗಬೇಡಿ, ಅಂಚಿನಲ್ಲಿ ಒಂದರ ಮೇಲೊಂದು ಬಂದೇ ಬರುತ್ತದೆ. ಕ್ಯಾಶ್ ಇಟ್ಟ ದಿನಾಂಕದ ಮೇಲೆ ಹಂಚಿ. ಮೊದಲಿನಿಂದ ಇಂಥ ವರ್ಷದವರೆಗೆ ಒಂದು ಕ್ವೆರಿ, ಮಾರನೇ ದಿನದಿಂದ ಮುಂದಿನದು, ಹೀಗೆ. ಪ್ರತಿ ಭಾಗವೂ 1000ಕ್ಕಿಂತ ಸ್ವಲ್ಪ ಕಡಿಮೆ ಇರುವ ಹಾಗೆ ದಿನಾಂಕ ಹೊಂದಿಸಿ. ಕ್ಯಾಶ್ ಇಟ್ಟ ದಿನ ಸಾಮಾನ್ಯವಾಗಿ ಬದಲಾಗಲ್ಲ, ಹಾಗಾಗಿ ಒಂದು ಕ್ಯಾಶ್ ಎರಡು ಕಡೆ ಬರುವುದಿಲ್ಲ. ಕೊನೆಯ ಭಾಗ ಮಾತ್ರ ಹೊಸ ಕ್ಯಾಶ್ ಸೇರಿದಂತೆ ಬೆಳೆಯುತ್ತದೆ, ಅದನ್ನು ಆಗಾಗ ನೋಡಬೇಕು. ಪ್ರೀಮಿಯಂ ಸದಸ್ಯರಿಗೆ ದಿನಕ್ಕೆ 10 ಕ್ವೆರಿ ಸಿಗುತ್ತದೆ.

ಹಳೆಯ ಫೈಲ್‌ಗಳನ್ನು ಮಾತ್ರ ಪ್ರತಿಸಲ ಅಳಿಸಿ. ಹೆಸರು ಬದಲಾಯಿಸಿ ಹಾಕುವ ಅಭ್ಯಾಸ ಇದ್ದರೆ ಹಳೆಯದರ ಮೇಲೆ ಹೊಸದು ಕೂರಲ್ಲ, ಎರಡೂ ಉಳಿಯುತ್ತವೆ. ಆರು ತಿಂಗಳ ಹಿಂದೆ ಆರ್ಕೈವ್ ಆದ (ಕಾಯಂ ಮುಚ್ಚಿದ) ಕ್ಯಾಶ್ ಇನ್ನೂ ನಕ್ಷೆಯಲ್ಲಿ ಮಿನುಗುತ್ತಿರುತ್ತದೆ, ನೀವು ಬಂಡೆ ಸಂದಿಯಲ್ಲಿ ಕೈ ಹಾಕಿ ಹುಡುಕುತ್ತಿರುತ್ತೀರಿ.

ಉತ್ತರಮುಖಿ:
ಎಷ್ಟು ಹಿಡಿಯುತ್ತದೆ ಅನ್ನೋದೂ ಮಾದರಿಗೆ ತಕ್ಕ ಹಾಗೆ. ಗಾರ್ಮಿನ್‌ನ ಕೊಲೊರಾಡೊ ಮತ್ತು ಮೊದಲ ಆರೆಗನ್ ಯೂನಿಟ್‌ಗಳ ಕಾಲದಲ್ಲಿ 2000 ಕ್ಯಾಶ್ ಅಂದರೆ ದೊಡ್ಡದು. ಮಿತಿ ಮೀರಿದರೆ ಯೂನಿಟ್ ಎಚ್ಚರಿಕೆ ಕೊಡದೆ ಉಳಿದದ್ದನ್ನು ಬಿಟ್ಟುಬಿಡುವುದೂ ಉಂಟು. ನಿಮ್ಮ ಮಾದರಿಯ ಕೈಪಿಡಿ ನೋಡಿಕೊಳ್ಳಿ. ಆರೆಗನ್ 600, ಜಿಪಿಎಸ್‌ಮ್ಯಾಪ್ 64 ಬಂದಮೇಲೆ ಜಿಜಿಜೆಡ್ ಅಂತ ಹೊಸ ಬಗೆಯ ಫೈಲ್ ಬಂತು. ಅದು ಜಿಪಿಎಕ್ಸ್‌ಗಳನ್ನೇ ಜಿಪ್ ಮಾಡಿ ಜೊತೆಗೆ ಒಂದು ಸೂಚಿ ಇಟ್ಟಿರುವ ಫೈಲ್. ಆನ್ ಆಗುವಾಗ ಎಲ್ಲವನ್ನೂ ಓದಬೇಕಿಲ್ಲ, ಸೂಚಿ ನೋಡಿ ಬೇಕಾದ್ದನ್ನು ಮಾತ್ರ ತೆಗೆಯುತ್ತದೆ. ಕ್ಯಾಶ್ ಪಟ್ಟಿಗಳನ್ನು ನೋಡಿಕೊಳ್ಳುವ ಜಿಸ್ಯಾಕ್ ಸಾಫ್ಟ್‌ವೇರ್‌ನಿಂದ ಇದನ್ನು ಮಾಡಬಹುದು. ಹಾಕಬೇಕಾದ್ದು ಜಿಪಿಎಕ್ಸ್ ಫೋಲ್ಡರ್‌ಗೆ ಅಲ್ಲ, ಗಾರ್ಮಿನ್ ಒಳಗೆ ಜಿಜಿಜೆಡ್ ಅನ್ನುವ ಫೋಲ್ಡರ್‌ಗೆ. ನಿಮ್ಮ 30ಎಕ್ಸ್‌ಗೆ ಈ ಸೌಲಭ್ಯ ಇಲ್ಲ.

ಮೊದಲಡಬ್ಬಿ:
ಇದೇ ಚರ್ಚೆಯಲ್ಲಿ ಕೇಳಬಹುದಾ? ನನ್ನದು ಇನ್ನೂ ಕಷ್ಟ. ಹೊಸ ಫೈಲ್ ಹಾಕಿದ ಮೇಲೆ ಯೂನಿಟ್ ಆನ್ ಆಗುವಾಗಲೇ ನಿಂತುಬಿಡುತ್ತದೆ, ಮೆನುಗೆ ಹೋಗಲು ಆಗುತ್ತಿಲ್ಲ. ಕಂಪ್ಯೂಟರ್‌ಗೆ ಹಾಕಿದರೂ ಅಲ್ಲೇ ನಿಲ್ಲುತ್ತದೆ, ಡ್ರೈವ್ ಕಾಣಲ್ಲ. ಫ್ಯಾಕ್ಟರಿ ರಿಸೆಟ್ ಮಾಡಿಬಿಡಲಾ?

ಹಳೇತಂತಿ:
ಬೇಡ, ತಡೆಯಿರಿ. ರಿಸೆಟ್ ಮಾಡಿದರೆ ಟ್ರ್ಯಾಕ್‌ಗಳು, ನೀವೇ ಗುರುತಿಸಿದ ವೇಪಾಯಿಂಟ್‌ಗಳು ಹೋಗಬಹುದು.

ಮೊದಲು ಫೈಲ್ ಎಲ್ಲಿ ಹಾಕಿದ್ದು ಹೇಳಿ. ಮೈಕ್ರೊ ಎಸ್‌ಡಿ ಕಾರ್ಡ್‌ನಲ್ಲಿ ಹಾಕಿದ್ದರೆ ಕಾರ್ಡ್ ತೆಗೆದು ಆನ್ ಮಾಡಿ. ಏಳುತ್ತದೆ, ಕಾರ್ಡನ್ನು ಕಂಪ್ಯೂಟರ್‌ಗೆ ಹಾಕಿ ಫೈಲ್ ತೆಗೆದರೆ ಆಯಿತು. ನಾನು ಯಾವಾಗಲೂ ಕ್ಯಾಶ್‌ಗಳನ್ನು ಕಾರ್ಡ್‌ನಲ್ಲೇ ಇಡೋದು ಇದಕ್ಕೇ. ಕಾರ್ಡ್‌ನಲ್ಲೂ ಗಾರ್ಮಿನ್ ಫೋಲ್ಡರ್, ಅದರೊಳಗೆ ಜಿಪಿಎಕ್ಸ್ ಫೋಲ್ಡರ್ ಮಾಡಬೇಕು, ಕಾರ್ಡ್ ಫ್ಯಾಟ್ 32 ಆಗಿರಬೇಕು. 32 ಜಿಬಿಗಿಂತ ದೊಡ್ಡ ಕಾರ್ಡ್‌ಗಳು ಅಂಗಡಿಯಿಂದ ಬರುವಾಗ ಎಕ್ಸ್‌ಫ್ಯಾಟ್ ಆಗಿರುತ್ತವೆ, ಹಳೆಯ ಯೂನಿಟ್‌ಗಳು ಅದನ್ನು ಓದಲ್ಲ.

ಒಳಗಿನ ಮೆಮೊರಿಯಲ್ಲಿ ಹಾಕಿದ್ದರೆ, ಯುಎಸ್‌ಬಿ ಚುಚ್ಚುವಾಗ ಒಂದು ಗುಂಡಿ ಒತ್ತಿ ಹಿಡಿದುಕೊಂಡರೆ ಫೈಲ್‌ಗಳನ್ನು ಓದದೆ ನೇರವಾಗಿ ಡ್ರೈವ್ ಆಗಿ ತೆರೆದುಕೊಳ್ಳುವ ಉಪಾಯ ಹೆಚ್ಚಿನ ಮಾದರಿಗಳಲ್ಲಿ ಇದೆ. ಯಾವ ಗುಂಡಿ ಅನ್ನೋದು ಮಾದರಿಯಿಂದ ಮಾದರಿಗೆ ಬೇರೆ. ಡ್ರೈವ್ ಬರುವವರೆಗೆ ಬಿಡಬಾರದು.

ಮೊದಲಡಬ್ಬಿ:
ಕಾರ್ಡ್‌ನಲ್ಲೇ ಇತ್ತು! ತೆಗೆದ ತಕ್ಷಣ ಎದ್ದಿತು. ಈಗ ಆ ಫೈಲ್‌ನಲ್ಲಿ ಏನು ಕೆಟ್ಟಿದೆ ಅಂತ ಹೇಗೆ ತಿಳಿಯೋದು?

ಉತ್ತರಮುಖಿ:
ಬ್ರೌಸರ್ ಕಿಟಕಿಗೆ ಎಳೆದು ಹಾಕಿ, ಬೇಕಾದರೆ ಹೆಸರಿನ ಕೊನೆಯನ್ನು ಎಕ್ಸ್‌ಎಂಎಲ್ ಅಂತ ಬದಲಾಯಿಸಿ. ಸರಿ ಇದ್ದರೆ ಇಡೀ ಫೈಲ್ ಮರದ ಕೊಂಬೆಗಳ ಹಾಗೆ ತೆರೆದುಕೊಳ್ಳುತ್ತದೆ. ಕೆಟ್ಟಿದ್ದರೆ ಇಷ್ಟನೇ ಸಾಲಿನಲ್ಲಿ ತಪ್ಪಿದೆ ಅಂತ ತೋರಿಸುತ್ತದೆ. ಸಾಮಾನ್ಯವಾಗಿ ಯಾರದೋ ಲಾಗ್‌ನಲ್ಲಿ ಎಕ್ಸ್‌ಎಂಎಲ್‌ಗೆ ಒಗ್ಗದ ಒಂದು ಅಕ್ಷರ, ಅಥವಾ ಅರ್ಧಕ್ಕೆ ನಿಂತ ಡೌನ್‌ಲೋಡ್. ಎರಡನೆಯದಾದರೆ ತಪ್ಪು ಕೊನೆಯ ಸಾಲಿನಲ್ಲೇ ಇರುತ್ತದೆ. ಮತ್ತೆ ಇಳಿಸಿಕೊಂಡರೆ ಮುಗಿಯಿತು.

ವಿಂಡೋಸ್‌ನಲ್ಲಿ ಹೆಸರಿನ ಬಾಲ ಅಡಗಿಸಿರುತ್ತದೆ, ಅದನ್ನೂ ನೋಡಿ. ನಿಮಗೆ ಜಿಪಿಎಕ್ಸ್ ಅಂತ ಕಂಡರೂ ನಿಜವಾದ ಹೆಸರು ಜಿಪಿಎಕ್ಸ್ ಚುಕ್ಕಿ ಎಕ್ಸ್‌ಎಂಎಲ್ ಆಗಿರಬಹುದು. ಆ ಫೈಲನ್ನು ಯೂನಿಟ್ ಮೂಸಿಯೂ ನೋಡಲ್ಲ.

ಸುಮ್ನೆನೋಡ್ತಿದ್ದೆ:
ಸರಿ, ಫೋನ್ ಮಾತು ವಾಪಸ್ ತಗೊಂಡೆ. ಒಂದು ಹಳೆಯ ಮಾರ್ಗದರ್ಶಿ ಓದಿದೆ, ಕ್ಯಾಶ್ ಪುಟದಲ್ಲೇ ಗುಂಡಿ ಒತ್ತಿದರೆ ನೇರ ಯೂನಿಟ್‌ಗೆ ಹೋಗುತ್ತೆ ಅಂತಿದೆ. ಇಷ್ಟು ಸುಲಭ ಇರುವಾಗ ಫೋಲ್ಡರ್ ಯಾಕೆ?

ಡಬ್ಬಿಬೇಟೆ:
ಅದು ಗಾರ್ಮಿನ್ ಕಮ್ಯುನಿಕೇಟರ್ ಅನ್ನುವ ಬ್ರೌಸರ್ ಪ್ಲಗಿನ್ ಕಾಲದ್ದು. ಆ ಬಗೆಯ ಪ್ಲಗಿನ್‌ಗಳನ್ನು ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ನಿಲ್ಲಿಸಿದವು. ಮಾರ್ಗದರ್ಶಿಯಲ್ಲಿ ಪ್ಲಗಿನ್ ಅನ್ನುವ ಪದ ಕಂಡರೆ ಮುಚ್ಚಿಬಿಡಿ. ಫೋಲ್ಡರ್‌ಗೆ ಎಳೆದು ಹಾಕುವ ದಾರಿ ಆಗಲೂ ಇತ್ತು, ಈಗಲೂ ಇದೆ. ಫೋನ್ ಇಷ್ಟ ಅಂದರಲ್ಲ, ಸಿ:ಜಿಯೋ ಆ್ಯಪ್‌ನಿಂದ ಜಿಪಿಎಕ್ಸ್ ಎಕ್ಸ್‌ಪೋರ್ಟ್ ಮಾಡಿ ಒಟಿಜಿ ಕೇಬಲ್‌ನಲ್ಲಿ (ಫೋನ್‌ಗೆ ಯುಎಸ್‌ಬಿ ಸಾಧನ ಜೋಡಿಸುವ ಕೇಬಲ್) ಯೂನಿಟ್‌ಗೆ ಹಾಕಬಹುದು. ದಾರಿಯಲ್ಲಿ ಲ್ಯಾಪ್‌ಟಾಪ್ ಇಲ್ಲದಾಗ ಬಹಳ ಅನುಕೂಲ.

ಹಳದಿಡಬ್ಬ:
ನೀವೆಲ್ಲ ಎಳೆದು ಹಾಕುವ ಸುಖದಲ್ಲಿ ಇದ್ದೀರಿ. ನನ್ನ ಹತ್ತಿರ ಹಳದಿ ಇಟ್ರೆಕ್ಸ್ ಇನ್ನೂ ಓಡುತ್ತಿದೆ, ಸೀರಿಯಲ್ ಕೇಬಲ್. 2000ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಜಿಪಿಎಸ್ ಸಿಗ್ನಲ್‌ಗೆ ಬೇಕಂತಲೇ ಸೇರಿಸುತ್ತಿದ್ದ ದೋಷ ತೆಗೆದು, ಮರುದಿನವೇ ಒರೆಗನ್ ರಾಜ್ಯದಲ್ಲಿ ಮೊದಲ ಡಬ್ಬಿ ಇಟ್ಟರಲ್ಲ, ಈ ಯೂನಿಟ್ ಕೂಡ ಅದೇ ವರ್ಷದ್ದು. ಜಿಪಿಎಸ್‌ಬೇಬಲ್ ಸಾಫ್ಟ್‌ವೇರ್‌ನಿಂದ ಕಳಿಸುತ್ತೇನೆ. ಎಲ್ಲ ಕಳಿಸಿತು ಅಂತ ಹೇಳುತ್ತದೆ, ಯೂನಿಟ್‌ನಲ್ಲಿ ಎಣಿಸಿದರೆ ಅಷ್ಟು ಇಲ್ಲ.

ಉತ್ತರಮುಖಿ:
ಆ ಯೂನಿಟ್‌ನಲ್ಲಿ ಹೆಸರಿಗೆ 6 ಅಕ್ಷರ ಮಾತ್ರ. ಪ್ರತಿ ಕ್ಯಾಶ್‌ಗೂ ಸೈಟ್ ಕೊಡುವ ಜಿಸಿ ಕೋಡ್‌ಗಳು ಈಗ 7 ಅಕ್ಷರ. ಕೊನೆಯದು ಕತ್ತರಿಸಿಹೋದರೆ ಎರಡು ಕ್ಯಾಶ್‌ಗೆ ಒಂದೇ ಹೆಸರು, ಎರಡನೆಯದು ಮೊದಲನೆಯದರ ಮೇಲೆ ಕೂರುತ್ತದೆ. ಶುರುವಿನ ಜಿಸಿ ಅನ್ನುವ ಎರಡು ಅಕ್ಷರ ಎಲ್ಲದರಲ್ಲೂ ಒಂದೇ, ಅದನ್ನೇ ತೆಗೆಯಿರಿ. ಜಿಸ್ಯಾಕ್‌ನಲ್ಲಿ ಇದಕ್ಕೆ ಡ್ರಾಪ್ 2 ಅನ್ನುವ ಸಂಕೇತ ಇದೆ. ಒಟ್ಟು 500 ವೇಪಾಯಿಂಟ್ ಮಿತಿಯೂ ನೆನಪಿರಲಿ.

ಲಿನಕ್ಸ್ ಬಳಸುವವರಿಗೆ ಒಂದು ಮಾತು. ಯುಎಸ್‌ಬಿ ಇರುವ ಹಳೆಯ ಗಾರ್ಮಿನ್‌ಗಳನ್ನು ಕರ್ನೆಲ್‌ನ ಗಾರ್ಮಿನ್ ಜಿಪಿಎಸ್ ಮಾಡ್ಯೂಲ್ ಮೊದಲೇ ಹಿಡಿದುಕೊಂಡುಬಿಡುತ್ತದೆ. ಅದನ್ನು ಬ್ಲ್ಯಾಕ್‌ಲಿಸ್ಟ್ ಮಾಡಿದರೆ (ತಾನಾಗಿ ಲೋಡ್ ಆಗದಂತೆ ತಡೆದರೆ) ಜಿಪಿಎಸ್‌ಬೇಬಲ್‌ಗೆ ದಾರಿ ಸಿಗುತ್ತದೆ.

ಹಳದಿಡಬ್ಬ:
ಜಿಸಿ ತೆಗೆದೆ, ಲೆಕ್ಕ ಸರಿಯಾಯಿತು. ಬದುಕಿಸಿದಿರಿ.

ಕಾಡುದಾರಿ:
ಕೊನೆಯ ಪ್ರಶ್ನೆ, ಬೈಯಬೇಡಿ. ಹೋಗಿ ಬಂದಮೇಲೆ ಯೂನಿಟ್‌ನಲ್ಲಿ ಸಿಕ್ಕಿತು ಅಂತ ಗುರುತಿಸಿದ್ದನ್ನು ವಾಪಸ್ ಸೈಟ್‌ಗೆ ಹೇಗೆ ಹಾಕೋದು?

ಡಬ್ಬಿಬೇಟೆ:
ಗಾರ್ಮಿನ್ ಫೋಲ್ಡರ್‌ನಲ್ಲೇ ಜಿಯೋಕ್ಯಾಶ್ ವಿಸಿಟ್ಸ್ ಅಂತ ಒಂದು ಟೆಕ್ಸ್ಟ್ ಫೈಲ್ ಇರುತ್ತದೆ. ಸೈಟ್‌ನಲ್ಲಿ ಡ್ರಾಫ್ಟ್ ಅಪ್‌ಲೋಡ್ ಜಾಗಕ್ಕೆ ಅದನ್ನು ಕೊಡಿ, ಪ್ರತಿಯೊಂದನ್ನೂ ತೆರೆದು ನಾಲ್ಕು ಮಾತು ಬರೆದು ಲಾಗ್ ಮಾಡಿ. ಎಡಿಟರ್‌ನಲ್ಲಿ ತೆರೆದು ತಿದ್ದಿ ಸೇವ್ ಮಾಡಲು ಹೋಗುವವರು ಎಚ್ಚರ. ಆ ಫೈಲ್ ಯುಟಿಎಫ್ 16 ಅನ್ನುವ ಅಕ್ಷರ ಸಂಕೇತದಲ್ಲಿ ಇರುತ್ತದೆ, ನಿಮ್ಮ ಎಡಿಟರ್ ಯುಟಿಎಫ್ 8 ಮಾಡಿಬಿಟ್ಟರೆ ಸೈಟ್ ಅದನ್ನು ಒಪ್ಪದೇ ಇರಬಹುದು.

ಹಳೇತಂತಿ:
ಅದರಲ್ಲಿರುವ ಸಮಯ ಯುಟಿಸಿ (ಜಾಗತಿಕ ಪ್ರಮಾಣ ಸಮಯ). ನಿಮ್ಮ ಗಡಿಯಾರದ ಜೊತೆ ಹೋಲಿಸಿ ಗಾಬರಿ ಆಗಬೇಡಿ. ಆದರೆ ರಾತ್ರಿ ಹೊತ್ತು ಹುಡುಕಿದ ಕ್ಯಾಶ್ ಇದ್ದರೆ ಲಾಗ್ ಕಳಿಸುವ ಮೊದಲು ತಾರೀಖು ಒಂದು ಸಲ ನೋಡಿಕೊಳ್ಳಿ.